ಸೊಲೆನಾಯ್ಡ್: ಎಳೆಯುವ ಸುರುಳಿ

ಕೊಳವೆಯಾಕಾರದ ಅಚ್ಚಿನ ಮೇಲೆ ಒತ್ತೊತ್ತಾಗಿ ಸುತ್ತಿದ ತಂತಿಯ ಸುರುಳಿಗೆ ಸೊಲೆನಾಯ್ಡ್ ಎನ್ನುತ್ತಾರೆ. ತಂತಿಯಲ್ಲಿ ವಿದ್ಯುತ್ ಹರಿದಾಗ ಸುರುಳಿಯ ಒಳಗೆ ಕಾಂತಕ್ಷೇತ್ರ ಹುಟ್ಟುತ್ತದೆ, ಹರಿವು ನಿಂತೊಡನೆ ಅದೂ ಅಳಿಯುತ್ತದೆ. ಹತ್ತನೇ ತರಗತಿಯ ವಿಜ್ಞಾನದ ಪಾಠದಲ್ಲಿ ಸೊಲೆನಾಯ್ಡ್ ಎಂದರೆ ಇಷ್ಟೇ. ರಿಪೇರಿಯವರ ಬಾಯಲ್ಲಿ ಅದೇ ಹೆಸರಿಗೆ ಇನ್ನೂ ಎರಡು ವಸ್ತು ಸೇರಿಕೊಳ್ಳುತ್ತವೆ: ಸುರುಳಿಯೊಳಗೆ ಜಾರಾಡುವ ಕಬ್ಬಿಣದ ಪ್ಲಂಜರ್ ಮತ್ತು ಅದನ್ನು ಮತ್ತೆ ಸ್ವಸ್ಥಾನಕ್ಕೆ ತಳ್ಳುವ ಸ್ಪ್ರಿಂಗ್. ವಿದ್ಯುತ್ತನ್ನು ಒಂದು ಗಿಡ್ಡ ಜಗ್ಗುವಿಕೆಯನ್ನಾಗಿ ಬದಲಿಸುವುದು ಇವು ಮೂರೂ ಸೇರಿ ಮಾಡುವ ಕೆಲಸ. ಮೋಟಾರು ಗಂಟೆಗಟ್ಟಲೆ ತಿರುಗಬೇಕಾದ ಜಾಗಕ್ಕೆ, ಸೊಲೆನಾಯ್ಡ್ ಕೆಲವು ಮಿಲಿಮೀಟರ್ ಅಲುಗಿದರೆ ಸಾಕಾಗುವ ಜಾಗಕ್ಕೆ.

ಹಾವೇರಿ ಜಿಲ್ಲೆಯ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ದೊಡ್ಡ ಕಾರ್ಖಾನೆಗಳು ಕಡಿಮೆ, ಸೊಲೆನಾಯ್ಡುಗಳು ಮಾತ್ರ ಹೊಲಹೊಲದಲ್ಲಿವೆ. ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಡಬ್ಬಿಯಲ್ಲಿ ಒಂದು, ಟ್ರ್ಯಾಕ್ಟರಿನ ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಒಂದು, ಊರ ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿಯ ಹಿಂದೆ ಒಂದು. ಅಕ್ಕಿ ಗಿರಣಿಯ ಬಣ್ಣ ವಿಂಗಡಣೆ ಯಂತ್ರದಲ್ಲಂತೂ ಅವು ಸಾಲುಗಟ್ಟಿ ಕೂತಿರುತ್ತವೆ. ಮನೆಯ ಎಂಸಿಬಿ, ಕರೆಗಂಟೆ, ವಾಷಿಂಗ್ ಮಷೀನು ಬೇರೆ. ಪಂಪ್‌ಸೆಟ್ಟಿಗೆ ಸಂಬಂಧಿಸಿದ್ದನ್ನು ಇಲ್ಲಿಯವರು ಬರೀ "ಕಾಯಿಲ್" ಎನ್ನುತ್ತಾರೆ. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಊರುಗಳ ವೈಂಡಿಂಗ್ ಅಂಗಡಿಗಳಿಗೆ "ಕಾಯಿಲ್ ಸುಟ್ಟೈತ್ರಿ" ಎಂಬ ದೂರು ದಿನನಿತ್ಯದ್ದು. ಆ ಕಾಯಿಲ್ ಯಾಕೆ ಸುಡುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ ಸೊಲೆನಾಯ್ಡಿನ ಮುಕ್ಕಾಲು ಪಾಲು ಶಾಸ್ತ್ರ ತಿಳಿದಂತೆ.

ಹಿನ್ನೆಲೆ

1820ರಲ್ಲಿ ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ವಾಲುವುದನ್ನು ಕಂಡು ಪ್ರಕಟಿಸಿದ. ಅದೇ ವರ್ಷ ಫ್ರಾನ್ಸಿನಲ್ಲಿ ಆಂದ್ರೆ ಮರೀ ಆಂಪಿಯರ್ ಮತ್ತು ಫ್ರಾಂಸ್ವಾ ಅರಾಗೊ ಕೆಲಸ ಮುಂದುವರಿಸಿದರು. ತಂತಿಯನ್ನು ಸುರುಳಿ ಸುತ್ತಿದರೆ ಅದು ದಂಡಕಾಂತದಂತೆ ವರ್ತಿಸುತ್ತದೆ, ಒಳಗಿಟ್ಟ ಉಕ್ಕಿನ ಸೂಜಿ ಕಾಂತವಾಗುತ್ತದೆ ಎಂದು ಗೊತ್ತಾಯಿತು. ಸುರುಳಿಗೆ ಸೊಲೆನಾಯ್ಡ್ ಎಂದು ಹೆಸರಿಟ್ಟವನು ಆಂಪಿಯರ್. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದಾಕಾರದ ಕಬ್ಬಿಣಕ್ಕೆ ಬರಿ ತಾಮ್ರದ ತಂತಿಯನ್ನು ಬಿಡಿಬಿಡಿಯಾಗಿ 18 ಸುತ್ತು ಸುತ್ತಿ, ಸುಮಾರು 200 ಗ್ರಾಂ ತೂಕದ ಆ ಕಬ್ಬಿಣದಿಂದ 4 ಕಿಲೋ ಭಾರ ಎತ್ತಿಸಿ ತೋರಿಸಿದ. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆಯ ಹೊದಿಕೆ ಕೊಟ್ಟ. ಸುತ್ತುಗಳು ಒಂದಕ್ಕೊಂದು ತಗುಲಿದರೂ ಶಾರ್ಟ್ ಆಗದಂತಾದ್ದರಿಂದ ನೂರಾರು ಸುತ್ತು ಒತ್ತಾಗಿ ಸುತ್ತುವುದು ಸಾಧ್ಯವಾಯಿತು. 1831ರ ಹೊತ್ತಿಗೆ ಅವನ ಕಾಂತ 900 ಕಿಲೋಗೂ ಹೆಚ್ಚು ಭಾರ ಹಿಡಿದು ನಿಂತಿತ್ತು. ಇವತ್ತು ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮಲ್ ತಂತಿ ಆ ರೇಷ್ಮೆ ಹೊದಿಕೆಯ ನೇರ ವಾರಸುದಾರ.

ಕರ್ನಾಟಕಕ್ಕೆ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ದೂರವಾಣಿಯ ಮೂಲಕ ಎನ್ನಬಹುದು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಯಾರಿಸಿದ ಸ್ಟ್ರೌಜರ್ ಎಕ್ಸ್‌ಚೇಂಜುಗಳಲ್ಲಿ ಡಯಲ್ ತಿರುಗಿಸಿದ ಪ್ರತಿ ಅಂಕಿಗೂ ವಿದ್ಯುತ್ಕಾಂತಗಳು ಹಲ್ಲುಪಟ್ಟಿಯನ್ನು ಒಂದೊಂದೇ ಮೆಟ್ಟಿಲು ಜಗ್ಗುತ್ತಿದ್ದವು. ಹಳೆಯ ಎಕ್ಸ್‌ಚೇಂಜಿನ ಆ ಎಡೆಬಿಡದ ಕಟಕಟ ಸದ್ದು ಸಾವಿರಾರು ಸುರುಳಿಗಳದ್ದು.

ಸುರುಳಿ, ಸುತ್ತು, ಸಂದು

ಉದ್ದನೆಯ ಸೊಲೆನಾಯ್ಡಿನ ಒಳಗೆ ಕ್ಷೇತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಅದರ ಬಲ ಒಂದು ಮೀಟರಿಗೆ ಎಷ್ಟು ಸುತ್ತು ಮತ್ತು ಎಷ್ಟು ಆಂಪಿಯರ್ ಎಂಬ ಎರಡರ ಗುಣಲಬ್ಧವನ್ನು ಅವಲಂಬಿಸಿದೆ, ಸುರುಳಿ ದಪ್ಪಗಿದೆಯೋ ತೆಳ್ಳಗಿದೆಯೋ ಎಂಬುದನ್ನಲ್ಲ. ಮೀಟರಿಗೆ 1,000 ಸುತ್ತಿನ ಸುರುಳಿಯಲ್ಲಿ 1 ಆಂಪಿಯರ್ ಹರಿದರೆ ಒಳಗಿನ ಕ್ಷೇತ್ರ ಸುಮಾರು 1.26 ಮಿಲಿಟೆಸ್ಲಾ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 0.04 ಮಿಲಿಟೆಸ್ಲಾ. ಅಂದರೆ ಮೂವತ್ತು ಪಟ್ಟು ಹೆಚ್ಚು. ಆದರೂ ಒಂದು ಸ್ವಿಚ್ಚನ್ನು ಒತ್ತಲು ಅದು ಏನೇನೂ ಸಾಲದು.

ಅದಕ್ಕೇ ಕಬ್ಬಿಣ ಬೇಕು. ಕಾಂತರೇಖೆಗಳಿಗೆ ಗಾಳಿಯಲ್ಲಿ ಹಾಯುವುದು ಕಷ್ಟ, ಮೆದು ಕಬ್ಬಿಣದಲ್ಲಿ ಸಾವಿರಾರು ಪಟ್ಟು ಸಲೀಸು. ಸುರುಳಿಯ ಒಳಗೂ ಹೊರಗೂ ಕಬ್ಬಿಣದ ದಾರಿ ಮಾಡಿಕೊಟ್ಟು, ಪ್ಲಂಜರಿನ ತುದಿಗೂ ಎದುರಿನ ಧ್ರುವಕ್ಕೂ ನಡುವೆ ಮಾತ್ರ ಒಂದಿಷ್ಟು ಗಾಳಿಯ ಸಂದು ಬಿಟ್ಟರೆ, ಇಡೀ ವ್ಯವಸ್ಥೆ ಆ ಸಂದನ್ನು ಮುಚ್ಚಲು ಹವಣಿಸುತ್ತದೆ. ಸೊಲೆನಾಯ್ಡಿನ ಎಳೆತ ಎಂದರೆ ಈ ಹವಣಿಕೆಯೇ. ಪ್ರವಾಹದ ದಿಕ್ಕು ತಿರುಗಿಸಿದರೂ ಎಳೆತ ಎಳೆತವಾಗಿಯೇ ಉಳಿಯುತ್ತದೆ; ಕಬ್ಬಿಣಕ್ಕೆ ಉತ್ತರ ದಕ್ಷಿಣದ ಹಂಗಿಲ್ಲ. ಹೀಗಾಗಿ ಸಾಮಾನ್ಯ ಸೊಲೆನಾಯ್ಡ್ ಒಂದೇ ದಿಕ್ಕಿಗೆ ಜಗ್ಗಬಲ್ಲದು. ಹಿಂದಕ್ಕೆ ಬರಲು ಸ್ಪ್ರಿಂಗ್ ಅಥವಾ ತೂಕ ಬೇಕೇ ಬೇಕು.

ಸಂದಿನ ಲೆಕ್ಕ ಸ್ವಾರಸ್ಯಕರ. 1,000 ಸುತ್ತು, 1 ಆಂಪಿಯರ್, ಪ್ಲಂಜರಿನ ಮುಖ 1 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಸಂದು 5 ಮಿಲಿಮೀಟರ್ ಇದ್ದಾಗ ಎಳೆತ ಸುಮಾರು 250 ಗ್ರಾಂ ತೂಕದಷ್ಟು. ಸಂದು 1 ಮಿಲಿಮೀಟರಿಗೆ ಇಳಿದಾಗ ಅದೇ ಸುರುಳಿ, ಅದೇ ಪ್ರವಾಹ 6.4 ಕಿಲೋದಷ್ಟು ಜಗ್ಗುತ್ತದೆ. ದೂರ ಐದು ಪಟ್ಟು ಕುಗ್ಗಿದರೆ ಬಲ ಇಪ್ಪತ್ತೈದು ಪಟ್ಟು ಏರುತ್ತದೆ. ನಿಜವಾದ ಸಾಧನದಲ್ಲಿ ಕಬ್ಬಿಣ ತನ್ನ ಮಿತಿ ಮುಟ್ಟಿ ಈ ಏರಿಕೆಗೆ ಕಡಿವಾಣ ಬೀಳುತ್ತದೆ, ನಿಯಮ ಮಾತ್ರ ಇದೇ. ಕೆಲಸದ ಶುರುವಿನಲ್ಲಿ, ಬಲ ಹೆಚ್ಚು ಬೇಕಾದಾಗಲೇ ಸೊಲೆನಾಯ್ಡ್ ಅತ್ಯಂತ ದುರ್ಬಲ. ಕೊನೆಯಲ್ಲಿ, ಬಲ ಬೇಡವಾದಾಗ ಅತ್ಯಂತ ಶಕ್ತಿಶಾಲಿ. ಪ್ಲಂಜರಿನ ತುದಿಯನ್ನು ಚಪ್ಪಟೆ ಮಾಡದೆ ಶಂಕುವಿನ ಆಕಾರಕ್ಕೆ ಕೆತ್ತುವುದು, ಎರಡೆರಡು ಸುರುಳಿ ಸುತ್ತುವುದು, ಮೊದಲು ಹೆಚ್ಚು ಪ್ರವಾಹ ಕೊಟ್ಟು ಆಮೇಲೆ ಇಳಿಸುವುದು: ವಿನ್ಯಾಸಕಾರರ ಎಲ್ಲ ಉಪಾಯಗಳೂ ಈ ಒಂದು ವಕ್ರಬುದ್ಧಿಗೆ ಮದ್ದು ಹುಡುಕಿದ್ದರ ಫಲ.

ಡಿಸಿ ಮತ್ತು ಎಸಿ

ಬ್ಯಾಟರಿಯಿಂದ ನಡೆಯುವ ಸುರುಳಿಯಲ್ಲಿ ಪ್ರವಾಹವನ್ನು ತಡೆಯುವುದು ತಂತಿಯ ರೋಧ ಮಾತ್ರ. ಪ್ಲಂಜರ್ ಒಳಗಿದ್ದರೂ ಹೊರಗಿದ್ದರೂ ಸ್ಥಿರ ಪ್ರವಾಹ ಅಷ್ಟೇ. ಇದರ ಶತ್ರು ಶಾಖ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಹೆಚ್ಚುತ್ತದೆ. ಸುರುಳಿ 80 ಡಿಗ್ರಿಯಷ್ಟು ಬಿಸಿಯೇರಿತೆಂದರೆ ಪ್ರವಾಹ ಕಾಲುಭಾಗದಷ್ಟು ಕುಸಿಯುತ್ತದೆ, ಎಳೆತ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಸರಿಯಿದ್ದ ವಾಲ್ವು ಏಪ್ರಿಲ್ ಮಧ್ಯಾಹ್ನ ಕೈಕೊಡುವುದರ ಹಿಂದೆ ಹಲವು ಸಲ ಇದೇ ಕಾರಣ. ಇನ್ನೊಂದು ತಾಪತ್ರಯ ಸ್ವಿಚ್ ಆರಿಸುವಾಗಿನದು. ಸುರುಳಿ ತನ್ನ ಪ್ರವಾಹ ಒಮ್ಮೆಲೇ ನಿಲ್ಲಲು ಬಿಡದೆ ನೂರಾರು ವೋಲ್ಟಿನ ಎದುರು ಹೊಡೆತ ಎಬ್ಬಿಸುತ್ತದೆ, 12 ವೋಲ್ಟಿನ ಸುರುಳಿಯೂ ಕೂಡ. ಟ್ರಾನ್ಸಿಸ್ಟರಿನಿಂದ ನಡೆಸುವ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಕೂರಿಸುವುದು ಆ ಹೊಡೆತ ನುಂಗಲಿಕ್ಕೆ.

ಎಸಿಯ ಸಂಗತಿ ಬೇರೆ. ಇಲ್ಲಿ ಪ್ರವಾಹವನ್ನು ಮುಖ್ಯವಾಗಿ ತಡೆಯುವುದು ರೋಧವಲ್ಲ, ಸುರುಳಿಯ ಪ್ರೇರಕತೆ. ಅದು ಸಂದನ್ನು ಅವಲಂಬಿಸಿದೆ. ಸಂದು ತೆರೆದಿದ್ದರೆ ಪ್ರೇರಕತೆ ಕಡಿಮೆ, ಪ್ರವಾಹ ಹೆಚ್ಚು. ಮುಚ್ಚಿದರೆ ಪ್ರೇರಕತೆ ಹೆಚ್ಚು, ಪ್ರವಾಹ ಕಡಿಮೆ. ಎಸಿ ಕಾಂಟ್ಯಾಕ್ಟರಿನ, ಅಂದರೆ ಮೋಟಾರಿಗೆ ವಿದ್ಯುತ್ ಬಿಡುವ ಸ್ವಿಚ್ಚಿನ ಸುರುಳಿ ಮೊದಲ ಕ್ಷಣದಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಪಟ್ಟು ಪ್ರವಾಹ ಎಳೆದು, ಆರ್ಮೇಚರ್ (ಚಲಿಸುವ ಕಬ್ಬಿಣ) ಕಚ್ಚಿಕೊಂಡ ಮೇಲೆ ತಣ್ಣಗಾಗುತ್ತದೆ. ಶುರುವಿಗೆ ಹೆಚ್ಚು, ಹಿಡಿದಿಡಲು ಕಡಿಮೆ ಎಂಬ ಬೇಕಾದ ಗುಣ ಇದಕ್ಕೆ ತಾನಾಗಿಯೇ ಒದಗಿ ಬಂದಿದೆ. ಕಚ್ಚಿಕೊಂಡರೆ ಮಾತ್ರ.

ಎಸಿಗೆ ಇನ್ನೊಂದು ತೊಡಕೂ ಇದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಪ್ರವಾಹ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಎಳೆತವೂ ಅಷ್ಟೇ ಸಲ ಸೊನ್ನೆಯಾಗುತ್ತದೆ. ಹಾಗೇ ಬಿಟ್ಟರೆ ಆರ್ಮೇಚರ್ ಸೆಕೆಂಡಿಗೆ ನೂರು ಸಲ ಬಿಟ್ಟು ಹಿಡಿದು ಬಡಿದಾಡುತ್ತದೆ. ಧ್ರುವದ ಮುಖದಲ್ಲಿ ತೋಡು ಕೊರೆದು ಒಂದು ತಾಮ್ರದ ಬಳೆ ಕೂರಿಸಿದರೆ, ಆ ಬಳೆಯಲ್ಲಿ ಪ್ರೇರಿತವಾದ ಪ್ರವಾಹ ಸ್ವಲ್ಪ ತಡವಾಗಿ ತನ್ನದೇ ಕ್ಷೇತ್ರ ಹುಟ್ಟಿಸುತ್ತದೆ; ಮುಖ್ಯ ಕ್ಷೇತ್ರ ಸೊನ್ನೆಯಾದ ಗಳಿಗೆಯಲ್ಲಿ ಇದು ಹಿಡಿದುಕೊಂಡಿರುತ್ತದೆ. ಬಳೆ ಒಡೆದರೆ ಸ್ಟಾರ್ಟರ್ ಗುಂಯ್‌ಗುಡಲು ಶುರು. ಕಬ್ಬಿಣದ ತಿರುಳನ್ನು ಗಟ್ಟಿ ತುಂಡಾಗಿಸದೆ ತೆಳು ಪದರಗಳಾಗಿ ಜೋಡಿಸುವುದೂ ಎಸಿಯ ಕಾರಣಕ್ಕೇ, ಇಲ್ಲದಿದ್ದರೆ ಸುಳಿಪ್ರವಾಹದಿಂದ ತಿರುಳೇ ಕಾಯುತ್ತದೆ.

ಪಂಪ್‌ಸೆಟ್ ಸ್ಟಾರ್ಟರ್

ಮೂರು ಫೇಸಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮುಚ್ಚಳ ತೆಗೆದರೆ ಎದುರಿಗೆ ಕಾಣುವುದು ಕಾಂಟ್ಯಾಕ್ಟರ್. ಇಂಗ್ಲಿಷಿನ 'ಇ' ಅಕ್ಷರದ ಆಕಾರದ ಎರಡು ಕಬ್ಬಿಣದ ತಿರುಳು ಎದುರುಬದುರು. ಒಂದರ ನಡುಗಾಲಿಗೆ ಸುರುಳಿ, ಇನ್ನೊಂದಕ್ಕೆ ಮೂರು ಜೊತೆ ಬೆಳ್ಳಿಮಿಶ್ರಿತ ಕಾಂಟ್ಯಾಕ್ಟುಗಳು. ಹಸಿರು ಗುಂಡಿ ಒತ್ತಿದಾಗ ಸುರುಳಿಗೆ 415 ವೋಲ್ಟ್ ಸಿಗುತ್ತದೆ, ತಿರುಳು ಕಚ್ಚುತ್ತದೆ, ಮೋಟಾರಿಗೆ ಮೂರೂ ಫೇಸ್ ಹೋಗುತ್ತದೆ. ಜೊತೆಗೇ ಒಂದು ಪುಟ್ಟ ಸಹಾಯಕ ಕಾಂಟ್ಯಾಕ್ಟ್ ಮುಚ್ಚಿಕೊಂಡು, ಗುಂಡಿಯಿಂದ ಬೆರಳು ತೆಗೆದ ಮೇಲೂ ಸುರುಳಿಗೆ ವಿದ್ಯುತ್ ಸಿಗುವಂತೆ ಮಾಡುತ್ತದೆ. ಸುರುಳಿ ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ, ಮತ್ತೆ ಬಂದಾಗ ತಾನಾಗಿ ಹಿಡಿಯುವುದಿಲ್ಲ. ಇದಕ್ಕೇ ಅದು ನೋ-ವೋಲ್ಟ್ ಕಾಯಿಲ್.

ಇದು ಸುರಕ್ಷತೆಗಾಗಿ ಮಾಡಿದ ಏರ್ಪಾಡು. ಕರೆಂಟ್ ಹೋದಾಗ ಮೋಟಾರಿಗೆ ಕೈಹಾಕಿದವನ ಮೈಮೇಲೆ ಅದು ಏಕಾಏಕಿ ತಿರುಗಬಾರದು, ಫೀಡರಿಗೆ ವಿದ್ಯುತ್ ಬಂದ ತಕ್ಷಣ ನೂರಾರು ಪಂಪುಗಳು ಒಟ್ಟಿಗೆ ಎದ್ದು ಲೈನನ್ನು ಕೆಡವಬಾರದು. ವಿದ್ಯುತ್ ಕಂಪನಿ ಹೆಸ್ಕಾಂ ವ್ಯಾಪ್ತಿಯ ಹಳ್ಳಿಗಳಲ್ಲಿ ತ್ರೀ-ಫೇಸ್ ಪಾಳಿ ರಾತ್ರಿ ಬಂದರೆ ರೈತ ಟಾರ್ಚು ಹಿಡಿದು ಹೊಲಕ್ಕೆ ಹೋಗಿ ಹಸಿರು ಗುಂಡಿ ಒತ್ತಬೇಕಾದದ್ದು ಇದೇ ಏರ್ಪಾಡಿನಿಂದ. ಅದಕ್ಕೆ ಆಟೊ ಸ್ಟಾರ್ಟರ್ ಬಂತು, ಆಮೇಲೆ ಮೊಬೈಲ್ ಸ್ಟಾರ್ಟರ್ ಬಂತು. ಎರಡೂ ಮಾಡುವುದು ಗುಂಡಿಯ ಕೆಲಸವನ್ನಷ್ಟೇ. ಎಲ್ಲ ಆಟೊ ಸ್ಟಾರ್ಟರುಗಳೂ ಕರೆಂಟ್ ಬಂದೊಡನೆ ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದರೆ ಹಳೆಯ ಸಮಸ್ಯೆಯೇ ಮರಳುತ್ತದೆ. ಟೈಮರ್ ಇರುವುದು ಅದಕ್ಕೆ, ಅದನ್ನು ಸೊನ್ನೆಗೆ ಇಳಿಸಿ ಇಡುವವರೂ ಇದ್ದಾರೆ.

ಈಗ ಕಾಯಿಲ್ ಸುಡುವ ಸಂಗತಿ. ವೋಲ್ಟೇಜ್ ಜಾಸ್ತಿ ಬಂದು ಸುಟ್ಟಿತು ಎಂಬುದು ಸಾಮಾನ್ಯ ನಂಬಿಕೆ. ಬಹಳ ಸಲ ಆಗುವುದು ತಿರುವುಮುರುವು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕಾಂಟ್ಯಾಕ್ಟರ್ ತನ್ನ ನಿಗದಿತ ವೋಲ್ಟೇಜಿನ 85ರಿಂದ 110 ಶೇಕಡಾ ನಡುವೆ ಸರಿಯಾಗಿ ಕಚ್ಚಬೇಕು. 415ರ 85 ಶೇಕಡಾ ಎಂದರೆ ಸುಮಾರು 353 ವೋಲ್ಟ್. ಟ್ರಾನ್ಸ್‌ಫಾರ್ಮರಿನಿಂದ ದೂರದ, ಕೊನೆಯ ಕಂಬದ ಹೊಲದಲ್ಲಿ ಎಲ್ಲ ಪಂಪುಗಳೂ ಓಡುವಾಗ ವೋಲ್ಟೇಜ್ ಇದಕ್ಕಿಂತ ಕೆಳಗಿಳಿದರೆ ಆರ್ಮೇಚರ್ ಅರ್ಧ ದಾರಿಗೆ ಬಂದು ನಿಲ್ಲುತ್ತದೆ, ಇಲ್ಲವೇ ನಡುಗುತ್ತದೆ. ಸಂದು ಮುಚ್ಚಲಿಲ್ಲ, ಆದ್ದರಿಂದ ಪ್ರವಾಹ ಇಳಿಯಲಿಲ್ಲ. ಕಣ್ಣುಮಿಟುಕಿಸುವಷ್ಟು ಹೊತ್ತಿಗೆಂದು ಲೆಕ್ಕ ಹಾಕಿದ ಭಾರೀ ಪ್ರವಾಹ ನಿಮಿಷಗಟ್ಟಲೆ ಹರಿಯುತ್ತದೆ. ಎಂಟು ಪಟ್ಟು ಪ್ರವಾಹ ಎಂದರೆ ಅರವತ್ತನಾಲ್ಕು ಪಟ್ಟು ಶಾಖ. ಎನಾಮಲ್ ಕರಗಿ ಸುತ್ತಿಗೆ ಸುತ್ತು ಅಂಟಿಕೊಳ್ಳುತ್ತದೆ, ಸುಟ್ಟ ವಾರ್ನಿಶ್ ವಾಸನೆ ಡಬ್ಬಿಯ ಹೊರಗೂ ಬರುತ್ತದೆ. ಕಡಿಮೆ ವೋಲ್ಟೇಜು ಕಾಯಿಲನ್ನು ಸುಡುತ್ತದೆ ಎಂದರೆ ವಿಚಿತ್ರ ಅನ್ನಿಸಬಹುದು, ಎಸಿ ಸುರುಳಿಯ ಮಟ್ಟಿಗೆ ಇದು ನಿತ್ಯಸತ್ಯ.

ಅದೇ ಪರಿಣಾಮಕ್ಕೆ ವೋಲ್ಟೇಜ್ ತಗ್ಗಲೇಬೇಕೆಂದಿಲ್ಲ. ಬೆಚ್ಚಗಿರುವ ಸ್ಟಾರ್ಟರ್ ಡಬ್ಬಿಗೆ ಇರುವೆ ಬರುತ್ತದೆ, ಇರುವೆ ಹಿಂದೆ ಹಲ್ಲಿ ಬರುತ್ತದೆ. ಎರಡು ತಿರುಳಿನ ನಡುವೆ ಜಜ್ಜಿದ ಒಂದು ಹಲ್ಲಿ ಅಥವಾ ತುಕ್ಕಿನ ಒಂದು ಪದರ ಸಂದನ್ನು ತೆರೆದಿಡಲು ಸಾಕು. ಒಳ್ಳೆಯ ಮೆಕ್ಯಾನಿಕ್ ಹೊಸ ಕಾಯಿಲ್ ಹಾಕುವ ಮೊದಲು ತಿರುಳಿನ ಮುಖವನ್ನು ಒಣ ಬಟ್ಟೆಯಿಂದ ಒರೆಸುತ್ತಾನೆ, ಗ್ರೀಸ್ ಹಚ್ಚುವುದಿಲ್ಲ. ಅರದಿಂದ ತಿಕ್ಕುವುದಂತೂ ಇಲ್ಲವೇ ಇಲ್ಲ. ಯಾಕೆಂದರೆ 'ಇ' ತಿರುಳಿನ ಹೊರಗಿನ ಎರಡು ಕಾಲುಗಳಿಗಿಂತ ನಡುಗಾಲು ಕೂದಲೆಳೆಯಷ್ಟು ಗಿಡ್ಡವಾಗಿರುತ್ತದೆ. ಅದು ತಯಾರಕರು ಬೇಕೆಂದೇ ಬಿಟ್ಟ ಸಂದು. ಕರೆಂಟ್ ಹೋದ ಮೇಲೂ ಕಬ್ಬಿಣದಲ್ಲಿ ಉಳಿಯುವ ಶೇಷ ಕಾಂತತೆ ತಿರುಳುಗಳನ್ನು ಅಂಟಿಸಿಡದಂತೆ ಅದು ನೋಡಿಕೊಳ್ಳುತ್ತದೆ. ಹೊರಕಾಲುಗಳನ್ನು ಅರ ಹಾಕಿ ಸವೆಸಿದರೆ ಆ ಸಂದು ಹೋಯಿತು. ಕೆಂಪು ಗುಂಡಿ ಒತ್ತಿದರೂ ಸ್ಟಾರ್ಟರ್ ಬಿಡುವುದಿಲ್ಲ.

ಓವರ್‌ಲೋಡ್ ರಿಲೇ, ಸಿಂಗಲ್ ಫೇಸಿಂಗ್ (ಒಂದು ಫೇಸ್ ಕಡಿತ) ತಡೆಯುವ ಸಾಧನ, ಬೋರಿನಲ್ಲಿ ನೀರು ಬತ್ತಿದ್ದನ್ನು ಗುರುತಿಸುವ ಸಾಧನ, ಇವೆಲ್ಲ ಕೊನೆಗೆ ಮಾಡುವುದು ಒಂದೇ: ನೋ-ವೋಲ್ಟ್ ಕಾಯಿಲಿನ ದಾರಿಯಲ್ಲಿ ಒಂದು ಕಾಂಟ್ಯಾಕ್ಟ್ ತೆರೆಯುವುದು. ಹತ್ತಿಪ್ಪತ್ತು ಆಂಪಿಯರಿನ ಮೋಟಾರನ್ನು ನಿಲ್ಲಿಸಲು ಸಣ್ಣ ಸುರುಳಿಯ ಪ್ರವಾಹ ಕಡಿದರೆ ಸಾಕು. ಕಾಯಿಲ್ ಸುಟ್ಟಾಗ ಹೊಸದು ತರುವವರೆಗೆಂದು ಆರ್ಮೇಚರಿಗೆ ಕಟ್ಟಿಗೆಯ ಚಕ್ಕೆ ಸಿಕ್ಕಿಸಿ ಪಂಪ್ ಓಡಿಸುವವರಿದ್ದಾರೆ. ನೀರೇನೋ ಬರುತ್ತದೆ, ಆದರೆ ಈ ಎಲ್ಲ ಕಾವಲೂ ಒಟ್ಟಿಗೆ ನಿಷ್ಕ್ರಿಯವಾಗುತ್ತದೆ. ಒಂದು ಫೇಸ್ ಹೋದರೆ ಮೋಟಾರೇ ಹೋಗುತ್ತದೆ. ಅದರ ವೈಂಡಿಂಗ್ ಖರ್ಚಿನ ಮುಂದೆ ಕಾಯಿಲಿನ ಬೆಲೆ ಏನೂ ಅಲ್ಲ.

ಎಂಸಿಬಿ

ಮನೆಯ ಎಂಸಿಬಿಯಲ್ಲಿ ಎರಡು ಕಾವಲುಗಾರರಿದ್ದಾರೆ. ನಿಧಾನವಾಗಿ ಏರುವ ಓವರ್‌ಲೋಡನ್ನು ದ್ವಿಲೋಹದ ಪಟ್ಟಿ ಬಾಗಿ ಗುರುತಿಸುತ್ತದೆ. ಶಾರ್ಟ್ ಸರ್ಕ್ಯೂಟಿಗೆ ಅಷ್ಟು ಪುರುಸೊತ್ತಿಲ್ಲ. ಅಲ್ಲಿ ದಪ್ಪ ತಂತಿಯ ಕೆಲವೇ ಸುತ್ತಿನ ಸೊಲೆನಾಯ್ಡ್ ಇದೆ. 'ಸಿ' ವರ್ಗದ 16 ಆಂಪಿಯರ್ ಎಂಸಿಬಿಯಲ್ಲಿ ಪ್ರವಾಹ 80ರಿಂದ 160 ಆಂಪಿಯರ್ ನಡುವೆ ಎಲ್ಲೋ ಒಂದು ಕಡೆ ಪ್ಲಂಜರ್ ಚಿಮ್ಮಿ ಕೊಂಡಿ ತಪ್ಪಿಸುತ್ತದೆ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ.

ಸೆಲ್ಫ್ ಮೋಟಾರಿನ ಸೊಲೆನಾಯ್ಡ್

ಟ್ರ್ಯಾಕ್ಟರಿನ ಚಾವಿ ತಿರುಗಿಸಿದಾಗ ಕೇಳುವ ಮೊದಲ 'ಟಕ್' ಸೊಲೆನಾಯ್ಡಿನದು, ಆಮೇಲಿನ ಗರಗರ ಮೋಟಾರಿನದು. ಸೆಲ್ಫ್ ಮೋಟಾರಿನ ಮೇಲೆ ಸವಾರಿ ಮಾಡುವ ಈ ಸಿಲಿಂಡರಿಗೆ ಎರಡು ಕೆಲಸ. ಒಂದು, ಸನ್ನೆಯ ಮೂಲಕ ಪಿನಿಯನ್ ಹಲ್ಲುಚಕ್ರವನ್ನು ತಳ್ಳಿ ಫ್ಲೈವೀಲಿನ ಹಲ್ಲಿಗೆ ಕೂರಿಸುವುದು. ಎರಡು, ಅದು ಕೂತ ಮೇಲಷ್ಟೇ ಬ್ಯಾಟರಿಯಿಂದ ಮೋಟಾರಿಗೆ ನೂರಾರು ಆಂಪಿಯರ್ ಬಿಡುವ ತಾಮ್ರದ ಕಾಂಟ್ಯಾಕ್ಟನ್ನು ಮುಚ್ಚುವುದು. ಈ ಕ್ರಮ ತಪ್ಪಿದರೆ ತಿರುಗುವ ಹಲ್ಲು ನಿಂತ ಹಲ್ಲಿಗೆ ತಾಗಿ ಎರಡೂ ಸವೆಯುತ್ತವೆ.

ಇಲ್ಲಿ ಬ್ಯಾಟರಿಯ ಡಿಸಿ ಇರುವುದರಿಂದ ಎಸಿಯ ಹಾಗೆ ಪ್ರವಾಹ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ಒಂದರ ಮೇಲೊಂದು ಎರಡು ಸುರುಳಿ. ದಪ್ಪ ತಂತಿಯದು ಜಗ್ಗಲಿಕ್ಕೆ, ತೆಳು ತಂತಿಯದು ಹಿಡಿದಿಡಲಿಕ್ಕೆ. ಜಗ್ಗುವ ಸುರುಳಿಯ ಒಂದು ತುದಿ ಮೋಟಾರಿನ ಟರ್ಮಿನಲ್ಲಿಗೆ ಜೋಡಿಸಿರುತ್ತದೆ. ಮುಖ್ಯ ಕಾಂಟ್ಯಾಕ್ಟ್ ಮುಚ್ಚಿದೊಡನೆ ಅದರ ಎರಡೂ ತುದಿಗೆ ಒಂದೇ ವೋಲ್ಟೇಜ್ ಬಂದು ಅದು ತಾನಾಗಿ ಸುಮ್ಮನಾಗುತ್ತದೆ, ಹಿಡಿಯುವ ಸುರುಳಿ ಒಂದೇ ಉಳಿಯುತ್ತದೆ. ಹೆಚ್ಚುವರಿ ಬಿಡಿಭಾಗವಿಲ್ಲದೆ ಕೇವಲ ವೈರಿಂಗಿನಲ್ಲಿ ಸಾಧಿಸಿದ ಈ ಜಾಣ್ಮೆ ನನ್ನ ಮಟ್ಟಿಗೆ ಮೋಟಾರು ವಾಹನದ ಅತ್ಯುತ್ತಮ ಉಪಾಯಗಳಲ್ಲೊಂದು.

ಬ್ಯಾಟರಿ ಇಳಿದಾಗ ಬರುವ ಕಟ-ಕಟ-ಕಟ ಸದ್ದಿಗೂ ಇದರಲ್ಲೇ ವಿವರಣೆ ಇದೆ. ಪ್ಲಂಜರ್ ಒಳಗೆ ಹೋಗಿ ಕಾಂಟ್ಯಾಕ್ಟ್ ಮುಚ್ಚುತ್ತದೆ, ಮೋಟಾರು ಎಳೆದ ಪ್ರವಾಹಕ್ಕೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಹಿಡಿಯುವ ಸುರುಳಿ ಸೋತು ಬಿಡುತ್ತದೆ, ಕಾಂಟ್ಯಾಕ್ಟ್ ತೆರೆದೊಡನೆ ವೋಲ್ಟೇಜ್ ಮರಳುತ್ತದೆ, ಪ್ಲಂಜರ್ ಮತ್ತೆ ಒಳಗೆ. ಒಂದೇ ಒಂದು ಗಟ್ಟಿ 'ಟಕ್' ಬಂದು ಮೋಟಾರು ಸುಮ್ಮನಿದ್ದರೆ ದೋಷ ಬ್ಯಾಟರಿಯದ್ದಾಗಿರಬೇಕೆಂದಿಲ್ಲ, ಸುಟ್ಟ ಕಾಂಟ್ಯಾಕ್ಟಿನದೋ ಮೋಟಾರಿನದೋ ಆಗಿರಬಹುದು.

ಡೀಸೆಲ್ ಇಂಜಿನ್ ನಿಲ್ಲಿಸುವ ಫ್ಯೂಯೆಲ್ ಸೊಲೆನಾಯ್ಡ್ ಇದರ ಚಿಕ್ಕ ಬಳಗ. ಕಾಮನ್ ರೈಲ್ ಇಂಜಿನ್ನಿನ ಇಂಜೆಕ್ಟರಿನಲ್ಲಿರುವುದು ಇನ್ನೂ ನಾಜೂಕು: ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದ ಡೀಸೆಲನ್ನು, ಒಂದು ಮಿಲಿಮೀಟರಿನ ಸಣ್ಣ ಅಂಶದಷ್ಟು ಮಾತ್ರ ಎದ್ದು ಕೂರುವ ಆರ್ಮೇಚರ್ ನಿಯಂತ್ರಿಸುತ್ತದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 'ಮೈಕೋ' ಎಂದೇ ಜನಜನಿತವಾಗಿದ್ದ, ಈಗ ಬಾಷ್ ಹೆಸರಿನಲ್ಲಿರುವ ಕಂಪನಿಯ ಸಮೂಹವೇ ಈ ಬಗೆಯ ಇಂಜೆಕ್ಷನ್ನನ್ನು 1997ರಲ್ಲಿ ಕಾರುಗಳಿಗೆ ತಂದದ್ದು.

ವಾಲ್ವುಗಳು

ಊರ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದಾಗ ಒಳಗಿನ ಸರ್ಕ್ಯೂಟ್ ಅದನ್ನು ಗುರುತಿಸಿ ಸೊಲೆನಾಯ್ಡ್ ವಾಲ್ವಿಗೆ ವಿದ್ಯುತ್ ಕೊಡುತ್ತದೆ. ವಾಲ್ವು ತೆರೆದು ಕೊಡಕ್ಕೆ ನೀರು ಬೀಳುತ್ತದೆ. ಸಮಯದ ಲೆಕ್ಕವೋ ಹರಿವಿನ ಮಾಪಕದ ಲೆಕ್ಕವೋ ತುಂಬಿದಾಗ ವಿದ್ಯುತ್ ನಿಂತು, ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ನಡುವೆ ಕರೆಂಟ್ ಹೋದರೆ ನಾಣ್ಯವೂ ಹೋಯಿತು, ನೀರೂ ನಿಂತಿತು. ಗ್ರಾಹಕನಿಗೆ ಕಿರಿಕಿರಿ, ಆದರೆ ಟ್ಯಾಂಕು ಖಾಲಿಯಾಗುವುದಿಲ್ಲ.

ಸಣ್ಣ ವಾಲ್ವಿನಲ್ಲಿ ಪ್ಲಂಜರೇ ರಂಧ್ರವನ್ನು ಮುಚ್ಚಿ ತೆರೆಯುತ್ತದೆ. ಎರಡು ಇಂಚಿನ ಪೈಪಿಗೆ ಅದು ಆಗದ ಮಾತು. ನೀರಿನ ಒತ್ತಡದ ಎದುರು ಅಷ್ಟು ದೊಡ್ಡ ಬಾಯಿ ಎತ್ತಲು ಭಾರೀ ಸುರುಳಿ ಬೇಕಾಗುತ್ತದೆ. ಅಲ್ಲಿ ಪೈಲಟ್ ವಾಲ್ವು ಬರುತ್ತದೆ. ರಬ್ಬರ್ ಡಯಾಫ್ರಮ್ಮಿನ ಮೇಲ್ಗಡೆ ಸಣ್ಣ ರಂಧ್ರದ ಮೂಲಕ ನೀರು ತುಂಬಿ ಅದನ್ನು ಒತ್ತಿ ಹಿಡಿದಿರುತ್ತದೆ. ಸೊಲೆನಾಯ್ಡ್ ಎತ್ತುವುದು ಸೂಜಿಬಾಯಿಯಂಥ ಇನ್ನೊಂದು ರಂಧ್ರದ ಮುಚ್ಚಳವನ್ನು ಮಾತ್ರ. ಮೇಲಿನ ನೀರು ಅಲ್ಲಿಂದ ಬಸಿದುಹೋದಾಗ ಕೆಳಗಿನ ನೀರಿನ ಒತ್ತಡವೇ ಡಯಾಫ್ರಮನ್ನು ಎತ್ತುತ್ತದೆ. ಕೆಲಸ ಮಾಡುವುದು ನೀರು, ಸುರುಳಿಯದು ಸನ್ನೆ ಮಾತ್ರ. ಇದರ ಬಲಹೀನತೆಯೂ ಅಲ್ಲೇ. ಬೋರಿನ ನೀರಿನ ಮರಳು, ಸುಣ್ಣದ ಪದರ ಆ ರಂಧ್ರವನ್ನು ಕಟ್ಟಿದರೆ ವಾಲ್ವು ತೆರೆದೇ ಇರುತ್ತದೆ ಇಲ್ಲವೇ ಮುಚ್ಚಿಯೇ ಇರುತ್ತದೆ. ಹನಿ ನೀರಾವರಿಗೆ ಫಿಲ್ಟರ್ ಹಾಕುವುದು ಡ್ರಿಪ್ಪರಿನ ಕಾರಣಕ್ಕಷ್ಟೇ ಅಲ್ಲ.

ಶಿಗ್ಗಾಂವ ತಾಲ್ಲೂಕಿನಲ್ಲಿ ಕಾಲುವೆಯ ಬದಲು ಕೊಳವೆಯಲ್ಲೇ ಹೊಲಕ್ಕೆ ನೀರೊಯ್ಯುವ ಏತ ನೀರಾವರಿ ಜಾರಿಗೆ ಬಂದಿದೆ. ಉತ್ತರಕ್ಕೆ ಬಾಗಲಕೋಟೆ ಜಿಲ್ಲೆಯ ಹುನಗುಂದ ಭಾಗದ ರಾಮಥಾಳ ಯೋಜನೆ 24,000 ಹೆಕ್ಟೇರಿಗೆ ಹನಿ ನೀರಾವರಿ ಉದ್ದೇಶಿಸಿ ಕಟ್ಟಿದ್ದು. ನೀರು ಕೊಳವೆಗೆ ಇಳಿದ ಮೇಲೆ ಸರದಿಯನ್ನು ನೀರಗಂಟಿಯ ಬದಲು ವಾಲ್ವುಗಳಿಂದ ನಡೆಸುವ ದಾರಿ ತೆರೆಯುತ್ತದೆ. ತೋಟದ ವಾಲ್ವುಗಳಿಗೆ ಸಾಮಾನ್ಯವಾಗಿ 24 ವೋಲ್ಟ್ ಎಸಿ ಕೊಡುತ್ತಾರೆ, ಒದ್ದೆ ಮಣ್ಣಿನಲ್ಲಿ ತಂತಿ ತುಂಡಾದರೂ ಪ್ರಾಣಕ್ಕೆ ಅಪಾಯವಿರಬಾರದೆಂದು. ಕರೆಂಟೇ ಇಲ್ಲದ ಹೊಲದಲ್ಲಿ ಲ್ಯಾಚಿಂಗ್ ಸೊಲೆನಾಯ್ಡ್ ಉಪಯುಕ್ತ. ಇದರಲ್ಲಿ ಶಾಶ್ವತ ಕಾಂತವೊಂದು ಪ್ಲಂಜರನ್ನು ಹಿಡಿದಿಡುತ್ತದೆ. ತೆರೆಯಲು ಒಂದು ದಿಕ್ಕಿನ, ಮುಚ್ಚಲು ಎದುರು ದಿಕ್ಕಿನ ಕ್ಷಣಿಕ ಮಿಡಿತ ಸಾಕು. ಸಣ್ಣ ಬ್ಯಾಟರಿಯೇ ತಿಂಗಳುಗಟ್ಟಲೆ ಬಾಳುತ್ತದೆ. ಆದರೆ ತೆರೆದ ಮೇಲೆ ಬ್ಯಾಟರಿ ಸತ್ತರೆ ನೀರು ಹರಿಯುತ್ತಲೇ ಇರುತ್ತದೆ.

ವೇಗದಲ್ಲಿ ಇವೆಲ್ಲವನ್ನೂ ಮೀರಿಸುವುದು ಅಕ್ಕಿ ಗಿರಣಿಯದು. ಭತ್ತ ಬೆಳೆಯುವ ಹಾನಗಲ್ಲ ಸೀಮೆಯ ಅಂಗಡಿಗಳಲ್ಲೂ ಅಕ್ಕಿ ಚೀಲದ ಮೇಲೆ 'ಸಾರ್ಟೆಕ್ಸ್' ಎಂದು ಅಚ್ಚಾಗಿರುವುದು ಮಾಮೂಲು. ಅದು ಬಣ್ಣ ನೋಡಿ ವಿಂಗಡಿಸುವ ಒಂದು ಯಂತ್ರದ ಹೆಸರು, ಈಗ ಅಕ್ಕಿಯ ಗುಣದ ಹೆಸರೇ ಆಗಿಬಿಟ್ಟಿದೆ. ಕಾಳುಗಳು ಇಳಿಜಾರಿನಿಂದ ತೆಳ್ಳಗೆ ಜಾರಿ ಬೀಳುವಾಗ ಕ್ಯಾಮೆರಾ ಪ್ರತಿಯೊಂದನ್ನೂ ನೋಡುತ್ತದೆ. ಕಪ್ಪು ಚುಕ್ಕೆಯ ಕಾಳು ಕಂಡರೆ, ಅದು ಮೂತಿಯ ಎದುರಿಗೆ ಬರುವ ಕ್ಷಣಕ್ಕೆ ಸರಿಯಾಗಿ ಒಂದು ಪುಟ್ಟ ಸೊಲೆನಾಯ್ಡ್ ವಾಲ್ವು ಕೆಲವೇ ಮಿಲಿಸೆಕೆಂಡು ತೆರೆದು ಗಾಳಿಯ ಹೊಡೆತದಿಂದ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಇಷ್ಟು ಚುರುಕಿಗೆ ಪ್ಲಂಜರ್ ಹಗುರವಿರಬೇಕು, ಓಟ ಗಿಡ್ಡವಿರಬೇಕು.

ಬಿಟ್ಟರೆ ಕ್ಷೇಮ

ಸೊಲೆನಾಯ್ಡ್ ಬಳಸುವಾಗ ಎಂಜಿನಿಯರು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಕರೆಂಟ್ ಹೋದರೆ ಏನಾಗಬೇಕು ಎಂಬುದು. ಲಿಫ್ಟಿನ ಬ್ರೇಕಿನಲ್ಲಿ ಸುರುಳಿಯ ಕೆಲಸ ಬ್ರೇಕ್ ಹಾಕುವುದಲ್ಲ, ಬಿಡಿಸಿ ಹಿಡಿಯುವುದು. ವಿದ್ಯುತ್ ನಿಂತರೆ ಸ್ಪ್ರಿಂಗ್ ಬ್ರೇಕ್ ಕಚ್ಚಿಸುತ್ತದೆ. ರೈಲ್ವೆ ಸಿಗ್ನಲ್ಲಿನ ರಿಲೇಗಳನ್ನೂ, ಸುರುಳಿಯ ವಿದ್ಯುತ್ ಕಡಿದರೆ ಆರ್ಮೇಚರ್ ತೂಕದಿಂದಲೋ ಸ್ಪ್ರಿಂಗಿನಿಂದಲೋ ಬಿದ್ದು ಕೆಂಪು ಸಂಕೇತ ಬರುವ ಹಾಗೆಯೇ ಜೋಡಿಸಿರುತ್ತಾರೆ. ಹಸಿರಿಗೆ ಸುರುಳಿಯಲ್ಲಿ ಕರೆಂಟ್ ಬೇಕು, ಕೆಂಪಿಗೆ ಬೇಡ.

ಮಂಗಳಯಾನ, ವೆಂಟಿಲೇಟರ್, ಎಂಆರ್‌ಐ

ಕರ್ನಾಟಕದ ನೆಲದಿಂದ ನಿಯಂತ್ರಿಸಿದ ಒಂದು ಸೊಲೆನಾಯ್ಡ್ ಇಡೀ ದೇಶದ ಉಸಿರು ಬಿಗಿಹಿಡಿಸಿದ್ದುಂಟು. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನವನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ಹಂತಹಂತವಾಗಿ ಎತ್ತರದ ಕಕ್ಷೆಗೆ ಏರಿಸಲಾಗುತ್ತಿತ್ತು. ಅದರ 440 ನ್ಯೂಟನ್ ದ್ರವ ಇಂಜಿನ್ನಿಗೆ ಇಂಧನ ಬಿಡುವ ವಾಲ್ವಿನಲ್ಲಿ ಎರಡು ಸುರುಳಿಗಳಿದ್ದವು, ಒಂದು ಮುಖ್ಯ, ಒಂದು ಮೀಸಲು. ನವೆಂಬರ್ 11ರ ನಾಲ್ಕನೇ ಏರಿಕೆಯಲ್ಲಿ ಮೀಸಲು ವ್ಯವಸ್ಥೆಗಳ ಪರೀಕ್ಷೆಯೂ ಸೇರಿತ್ತು. ಒಂದೊಂದೇ ಸುರುಳಿ ಸರಿಯಾಗಿ ನಡೆಯಿತು. ಮೊದಲೇ ಯೋಜಿಸಿದಂತೆ ಎರಡಕ್ಕೂ ಒಟ್ಟಿಗೆ ವಿದ್ಯುತ್ ಕೊಟ್ಟಾಗ ಇಂಜಿನ್ನಿಗೆ ಇಂಧನದ ಹರಿವೇ ನಿಂತುಹೋಯಿತು. ಸೆಕೆಂಡಿಗೆ 130 ಮೀಟರ್ ವೇಗ ಸೇರಬೇಕಿದ್ದಲ್ಲಿ ಸೇರಿದ್ದು 35 ಮೀಟರ್. ಒಂದು ಲಕ್ಷ ಕಿಲೋಮೀಟರ್ ಮುಟ್ಟಬೇಕಿದ್ದ ಕಕ್ಷೆಯ ತುದಿ 78,276 ಕಿಲೋಮೀಟರಿಗೆ ನಿಂತಿತು. ಮರುದಿನ ಪೂರಕ ಏರಿಕೆ ಮಾಡಿ ಅದನ್ನು ಒಂದು ಲಕ್ಷ ದಾಟಿಸಲಾಯಿತು. ಎರಡೂ ಸುರುಳಿಗಳನ್ನು ಜೊತೆಯಾಗಿ ಬಳಸುವ ಕ್ರಮವನ್ನು ಕೈಬಿಟ್ಟು ಒಂದಾದ ಮೇಲೊಂದರಂತೆ ಬಳಸುವುದೆಂದು ತೀರ್ಮಾನವಾಯಿತು. ಮುಂದೆ 300 ದಿನ ಸುಮ್ಮನಿದ್ದ ಇಂಜಿನ್ನನ್ನು 2014ರ ಸೆಪ್ಟೆಂಬರ್ 22ರಂದು 4 ಸೆಕೆಂಡು ಉರಿಸಿ ನೋಡಿ, 24ರಂದು ನೌಕೆಯನ್ನು ಮಂಗಳನ ಕಕ್ಷೆಗೆ ಸೇರಿಸಿದಾಗ ಆ ವಾಲ್ವು ಮಾತು ಉಳಿಸಿಕೊಂಡಿತು. ಮೀಸಲು ಎಂದು ಇಟ್ಟದ್ದು ಮುಖ್ಯವಾದದ್ದರ ಜೊತೆ ಸೇರಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಭೂಮಿಯ ಹತ್ತಿರವಿರುವಾಗಲೇ ಪರೀಕ್ಷಿಸಿದ್ದು ಒಳ್ಳೆಯದೇ ಆಯಿತು.

2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಬಿಇಎಲ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆಗೂಡಿ 30,000 ವೆಂಟಿಲೇಟರ್ ತಯಾರಿಸಲು ಹೊರಟಾಗ ಅಡ್ಡ ಬಂದ ಬಿಡಿಭಾಗಗಳಲ್ಲಿ ಪುಟ್ಟ ಪ್ರೊಪೋರ್ಶನಲ್ ಸೊಲೆನಾಯ್ಡ್ ವಾಲ್ವೂ ಒಂದು. ಇದು ತೆರೆ-ಮುಚ್ಚು ಬಗೆಯದಲ್ಲ. ಕಬ್ಬಿಣದ ಮುಖಗಳನ್ನು ವಿಶೇಷ ಆಕಾರಕ್ಕೆ ಕೆತ್ತಿ, ಎಳೆತ ಸಂದನ್ನು ಅವಲಂಬಿಸದೆ ಪ್ರವಾಹವನ್ನಷ್ಟೇ ಅವಲಂಬಿಸುವಂತೆ ಮಾಡಿರುತ್ತಾರೆ. ಪ್ರವಾಹ ಏರಿಸಿದಷ್ಟೂ ವಾಲ್ವು ತೆರೆಯುತ್ತದೆ, ರೋಗಿಗೆ ಬೇಕಾದಷ್ಟೇ ಗಾಳಿ ಹೋಗುತ್ತದೆ. ಹೊರದೇಶದಿಂದ ಬರುತ್ತಿದ್ದ ಈ ವಾಲ್ವುಗಳನ್ನು ಇಲ್ಲಿಯೇ ವಿನ್ಯಾಸ ಮಾಡಬೇಕಾಗಿ ಬಂತು.

ಪ್ಲಂಜರಿಲ್ಲದ ಬೃಹತ್ ಸೊಲೆನಾಯ್ಡುಗಳೂ ಇವೆ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ರೋಗಿ ಮಲಗುವ ಸುರಂಗವೇ ಸುರುಳಿಯ ಒಳಭಾಗ. ದ್ರವ ಹೀಲಿಯಮ್ಮಿನಲ್ಲಿ 4.2 ಕೆಲ್ವಿನ್‌ಗೆ ತಂಪಾಗಿಸಿದ ನಯೋಬಿಯಂ-ಟೈಟೇನಿಯಂ ತಂತಿಗೆ ರೋಧವೇ ಇಲ್ಲದ್ದರಿಂದ 1.5 ಟೆಸ್ಲಾ ಕ್ಷೇತ್ರ ಹಗಲಿರುಳೂ ಇರುತ್ತದೆ. ಯಂತ್ರ ನಡೆಯದಿದ್ದಾಗಲೂ ಕಬ್ಬಿಣದ ಸಿಲಿಂಡರನ್ನು ಆ ಕೋಣೆಗೆ ಒಯ್ಯಬಾರದು ಎನ್ನುವುದು ಇದಕ್ಕೇ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಸಿಎಂಎಸ್ ಕಣಶೋಧಕದ ಸೊಲೆನಾಯ್ಡಿನ ಒಳವ್ಯಾಸ 6 ಮೀಟರ್, ಕ್ಷೇತ್ರ 3.8 ಟೆಸ್ಲಾ.

ಪರೀಕ್ಷೆ ಮತ್ತು ದುರಸ್ತಿ

ಸುಟ್ಟ ಕಾಯಿಲನ್ನು ಹೊಸದಾಗಿ ಸುತ್ತುವಾಗ ವೈಂಡರ್ ನೋಡುವುದು ಎರಡನ್ನೇ, ತಂತಿಯ ಗೇಜು ಮತ್ತು ಸುತ್ತಿನ ಎಣಿಕೆ. ಸುತ್ತು ಕಡಿಮೆಯಾದರೆ ಎಸಿಯಲ್ಲಿ ಪ್ರವಾಹ ಹೆಚ್ಚಿ ಕಾಯುತ್ತದೆ, ಜಾಸ್ತಿಯಾದರೆ ಎಳೆತ ಸಾಲದು. ಹೊಸದನ್ನು ಕೊಳ್ಳುವಾಗ ಮೇಲೆ ಬರೆದ ವೋಲ್ಟೇಜ್ ಓದುವುದು ಮುಖ್ಯ. 230ರದನ್ನು 415ಕ್ಕೆ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ, 415ರದನ್ನು 230ಕ್ಕೆ ಹಾಕಿದರೆ ಕಚ್ಚದೆ ಗುಂಯ್‌ಗುಡುತ್ತಲೇ ಇರುತ್ತದೆ. ಡಿಸಿ ಸುರುಳಿಯನ್ನು ಎಸಿಗೆ ಕೊಟ್ಟರೆ ಎಳೆತ ಸಾಲದೆ ನಡುಗುತ್ತದೆ, ಎಸಿಯದನ್ನು ಅದೇ ವೋಲ್ಟೇಜಿನ ಡಿಸಿಗೆ ಕೊಟ್ಟರೆ ಪ್ರೇರಕತೆಯ ತಡೆ ಇಲ್ಲದೆ ಸುಡುತ್ತದೆ.

ಪರೀಕ್ಷೆಗೆ ಮೊದಲು ಸರಬರಾಜು ಆರಿಸಿ, ಸುರುಳಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ ಸಾಕು. ಓದು ಅನಂತ ತೋರಿಸಿದರೆ ತಂತಿ ಎಲ್ಲೋ ತುಂಡಾಗಿದೆ, ಅದೇ ಬಗೆಯ ಒಳ್ಳೆಯ ಸುರುಳಿಗಿಂತ ತೀರಾ ಕಡಿಮೆ ಇದ್ದರೆ ಸುತ್ತುಗಳು ಒಳಗೇ ಅಂಟಿವೆ. ಓದು ಸರಿಯಿದ್ದೂ ಕೆಲಸ ಆಗದಿದ್ದರೆ ಪ್ಲಂಜರಿನ ತುಕ್ಕು, ಸ್ಪ್ರಿಂಗ್, ಕಸ ನೋಡಬೇಕು. ನೀರಿನ ಫಿಲ್ಟರ್ ರಿಪೇರಿಯಲ್ಲಿ ಆಗಾಗ ನಡೆಯುವ ಒಂದು ಅಚಾತುರ್ಯವಿದೆ: ಎಸಿ ವಾಲ್ವಿನ ಸುರುಳಿಯನ್ನು ಕಾಂಡದಿಂದ ಕಳಚಿ ಪಕ್ಕಕ್ಕಿಟ್ಟು, ಕರೆಂಟ್ ಮಾತ್ರ ಆರಿಸದೆ ವಾಲ್ವನ್ನು ತೊಳೆಯುತ್ತಾ ಕೂರುವುದು. ನಡುವಿನ ಕಬ್ಬಿಣ ಇಲ್ಲದ ಸುರುಳಿಯಲ್ಲಿ ಪ್ರವಾಹಕ್ಕೆ ಸಾಕಷ್ಟು ತಡೆಯಿಲ್ಲ. ವಾಲ್ವು ತೊಳೆದು ಮುಗಿಯುವ ಮೊದಲೇ ಒಳ್ಳೆಯ ಸುರುಳಿ ಸುಟ್ಟುಹೋಗಿರುತ್ತದೆ.